ಹೇಮಾವತಿ ದಂಡೆಯ ಚರ್ಚುಗಳು: ಹಾಸನ ಸೀಮೆಯ ಕ್ರೈಸ್ತ ಹಳ್ಳಿಗಳ ಚರಿತ್ರೆ

ಹಾಸನ ಜಿಲ್ಲೆಯ ಧಾರ್ಮಿಕ ಚರಿತ್ರೆಯಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳಿಗೆ ಸಂದಿರುವ ಪುಟಗಳ ಪಕ್ಕದಲ್ಲಿ ಇಟ್ಟು ನೋಡಿದರೆ, ಅದೇ ಜಿಲ್ಲೆಯ ಕ್ರೈಸ್ತ ಹಳ್ಳಿಗಳಿಗೆ ದೊರೆತಿರುವುದು ಕೆಲವೇ ಸಾಲುಗಳು; ಆ ಸಾಲುಗಳಲ್ಲಿಯೂ ಹೆಚ್ಚಿನವು ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೇಳುವ ಶೆಟ್ಟಿಹಳ್ಳಿಯ ಪಾಳು ಚರ್ಚಿನ ಸೊಬಗನ್ನು ಕುರಿತವು. ಗೋಡೆಗಳ ಮೇಲೆ ನೆಟ್ಟ ಈ ಗಮನದಲ್ಲಿ, ಆ ಗೋಡೆಗಳ ನಡುವೆ ನೂರು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಹೆಸರಿಟ್ಟು, ಮದುವೆಗಳನ್ನು ನಡೆಸಿ, ತೀರಿಕೊಂಡವರನ್ನು ಮಣ್ಣು ಮಾಡಿದ ಒಕ್ಕಲು ಕುಟುಂಬಗಳ ಬದುಕು ಹಿಂದೆ ಸರಿದಿದೆ. ಈ ಸೀಮೆಯ ಚರ್ಚುಗಳನ್ನು ಕಟ್ಟಡಗಳ ಚರಿತ್ರೆಯಾಗಿ ಓದುವುದಕ್ಕಿಂತ ಊರುಗಳ ಚರಿತ್ರೆಯಾಗಿ ಓದುವುದೇ ಸರಿಯಾದ ಕ್ರಮ. ಏಕೆಂದರೆ ಇಲ್ಲಿ ಮೊದಲು ನೆಲ ಹಿಡಿದು ನೆಲೆಸಿದವರು ಒಕ್ಕಲಿನವರು, ಕಲ್ಲು ಇಟ್ಟಿಗೆಯ ಕಮಾನುಗಳು ಬಂದದ್ದು ಅವರು ನೆಲೆನಿಂತ ಎಷ್ಟೋ ಕಾಲದ ಮೇಲೆ.

ನೆಲದ ಸ್ವರೂಪವನ್ನು ಮೊದಲು ತಿಳಿಯಬೇಕು. ಬಲ್ಲಾಳರಾಯನದುರ್ಗದ ಬಳಿ ಹುಟ್ಟುವ ಹೇಮಾವತಿ ಸಕಲೇಶಪುರದ ಮಲೆನಾಡನ್ನು ದಾಟಿ, ಗೊರೂರು ಮತ್ತು ಹೊಳೆನರಸೀಪುರಗಳನ್ನು ಹಾಯ್ದು, ಸುಮಾರು 245 ಕಿಲೋಮೀಟರು ಹರಿದು ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ. ನದಿಯ ಮೇಲ್ಭಾಗದಲ್ಲಿ ಗದ್ದೆ, ಕಾಡು, ಕಾಫಿ. ಪೂರ್ವಕ್ಕೆ ಸರಿದಂತೆ ಮಳೆ ಇಳಿಯುತ್ತ ಹೋಗಿ, ಶಾಂತಿಗ್ರಾಮದಿಂದ ಚನ್ನರಾಯಪಟ್ಟಣದವರೆಗೆ ರಾಗಿ, ಹುರುಳಿ, ಎಳ್ಳು, ತೆಂಗುಗಳ ಬಯಲುಸೀಮೆ. ಈ ಬಯಲಿನಲ್ಲಿ ಧರ್ಮಗಳು ಒಂದರ ಪಕ್ಕದಲ್ಲೊಂದು ಬೇರೂರಿದ ರೀತಿಯನ್ನು ಶಾಂತಿಗ್ರಾಮವೇ ತೋರಿಸುತ್ತದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯ ಹೆಸರಿನೊಡನೆ ಜನ ಜೋಡಿಸಿಕೊಂಡು ಬಂದಿರುವ ಈ ಊರಿನಲ್ಲಿ ಭೋಗನರಸಿಂಹನ ಗುಡಿಯಿದೆ. ಅದೇ ರಾಣಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು. ದೇವರಿಗೆ ಭೂಮಿ ಬಿಡುವುದು, ಆ ಭೂಮಿಯ ಆದಾಯದಿಂದ ಪೂಜೆ, ಹಬ್ಬ, ಅನ್ನದಾನ ನಡೆಸುವುದು, ವರ್ಷಕ್ಕೊಮ್ಮೆ ತೇರೆಳೆದು ಸುತ್ತಲಿನ ಹಳ್ಳಿಗಳನ್ನೆಲ್ಲ ಒಂದು ಅಂಗಳಕ್ಕೆ ತರುವುದು, ಇವು ಜೈನ, ವೈಷ್ಣವ, ಶೈವ ಎಂಬ ಭೇದವಿಲ್ಲದೆ ಇಲ್ಲಿನ ಎಲ್ಲ ದೇವಸ್ಥಾನಗಳಿಗೂ ಸಮಾನವಾದ ಕ್ರಮಗಳು. ಕೊನೆಗೆ ಬಂದ ಕ್ರೈಸ್ತ ಧರ್ಮವೂ ಹಳ್ಳಿಗಳಲ್ಲಿ ಉಳಿದದ್ದು ಈ ಕ್ರಮಗಳನ್ನು ತನ್ನದಾಗಿಸಿಕೊಂಡ ಮೇಲೆಯೇ.

ಮೈಸೂರು ಸೀಮೆಗೆ ಕಥೋಲಿಕ ಧರ್ಮ ನೆಲೆಯಾಗಿ ಬಂದದ್ದು 1649ರಲ್ಲಿ, ಇಟಲಿಯ ಜೆಸುಯಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದಾಗ. ಜೆಸುಯಿಟರು ಎಂದರೆ ಇಗ್ನೇಷಿಯಸ್ ಲೊಯೊಲಾ ಕಟ್ಟಿದ ಯೇಸುಸಭೆಯ ಗುರುಗಳು. ಅವರು ಕನ್ನಡ ಕಲಿತು, ವ್ಯಾಕರಣ ಮತ್ತು ಧರ್ಮೋಪದೇಶದ ಪುಸ್ತಕಗಳನ್ನು ಬರೆದು, ಇಲ್ಲಿನ ಸನ್ಯಾಸಿಗಳಂತೆ ಉಡುಗೆ ತೊಟ್ಟು ಹಳ್ಳಿಗಳನ್ನು ಸುತ್ತಿದರು. 1773ರಲ್ಲಿ ರೋಮಿನ ಜಗದ್ಗುರು ಆ ಸಭೆಯನ್ನೇ ರದ್ದುಪಡಿಸಿದ್ದರಿಂದ ಮೈಸೂರಿನ ಧರ್ಮಕಾರ್ಯಕ್ಕೆ ಆಳುಗಳಿಲ್ಲದಂತಾಯಿತು. ಕ್ರಮೇಣ ಅದು ಪಾಂಡಿಚೇರಿಯಲ್ಲಿ ನೆಲೆಯಿದ್ದ ಪ್ಯಾರಿಸ್ ಹೊರನಾಡ ಮಿಷನ್ ಸಭೆಯ ಫ್ರೆಂಚ್ ಗುರುಗಳ ಕೈಗೆ ಬಂತು. ನಡುವೆ ಟಿಪ್ಪುವಿನ ಕಾಲದ ಸಂಕಟಗಳಲ್ಲಿ ಅನೇಕ ಕ್ರೈಸ್ತ ಕುಟುಂಬಗಳು ಸೆರೆಗೂ ಮತಾಂತರಕ್ಕೂ ಒಳಗಾಗಿ ಚದುರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ, ಚದುರಿದವರನ್ನು ಮತ್ತೆ ಕೂಡಿಸುವ ಕೆಲಸಕ್ಕೆಂದು ಬಂದ ಫ್ರೆಂಚ್ ಗುರುವಿನಿಂದಲೇ ಹಾಸನದ ಕ್ರೈಸ್ತ ಹಳ್ಳಿಗಳ ಕಥೆ ಆರಂಭವಾಗುತ್ತದೆ.

ಆ ಗುರು ಜ್ಯಾಂ ಆಂತ್ವಾನ್ ದ್ಯುಬುವಾ, ಫ್ರೆಂಚರು ಪಾದ್ರಿಗಳಿಗೆ ಗೌರವದಿಂದ ಬಳಸುವ ಉಪಾಧಿಯೊಡನೆ ಅಬ್ಬೆ ದ್ಯುಬುವಾ ಎಂದು ಹೆಸರಾದವರು. ಫ್ರಾನ್ಸಿನ ಮಹಾಕ್ರಾಂತಿಯ ಗದ್ದಲದ ನಡುವೆ 1792ರಲ್ಲಿ ಗುರುದೀಕ್ಷೆ ಪಡೆದು ಭಾರತಕ್ಕೆ ಹಡಗು ಹತ್ತಿದ ಅವರು, 1823ರಲ್ಲಿ ಹಿಂದಿರುಗುವವರೆಗೆ ಈ ನಾಡಿನವರ ಉಡುಗೆ ಉಟ್ಟು, ಮಾಂಸ ಬಿಟ್ಟು, ಜನರ ಬಾಯಲ್ಲಿ ದೊಡ್ಡಸ್ವಾಮಿಗಳು ಎನಿಸಿಕೊಂಡು ಬದುಕಿದರು. ಲೋಕ ಅವರನ್ನು ನೆನೆಯುವುದು ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ದೊಡ್ಡ ಗ್ರಂಥಕ್ಕಾಗಿ. ಅದರ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನ ಶಿಫಾರಸಿನ ಮೇರೆಗೆ ಈಸ್ಟ್ ಇಂಡಿಯಾ ಕಂಪನಿ 1807ರಲ್ಲಿ 2000 ವರಹಗಳಿಗೆ ಕೊಂಡು, 1816ರಲ್ಲಿ ಇಂಗ್ಲಿಷಿಗೆ ತರಿಸಿತು. ಆದರೆ ಆ ಗ್ರಂಥದ ದೊಡ್ಡ ಭಾಗ ಹಿಂದಿನ ಜೆಸುಯಿಟ್ ಪಾದ್ರಿ ಕೂರ್ದೂ ಬರೆದಿಟ್ಟದ್ದರಿಂದ ಎತ್ತಿಕೊಂಡದ್ದು ಎಂದು ವಿದ್ವಾಂಸೆ ಸಿಲ್ವಿಯಾ ಮ್ಯೂರ್ ಇಪ್ಪತ್ತನೆಯ ಶತಮಾನದಲ್ಲಿ ಆಧಾರಸಹಿತ ವಾದಿಸಿದ್ದಾರೆ. ಪುಸ್ತಕದ ಕರ್ತೃತ್ವ ಹೀಗೆ ಚರ್ಚೆಗೆ ಒಳಗಾದರೂ, ಹಾಸನದ ಬಳಿ ಅವರು ಮಾಡಿದ ಕೆಲಸ ಅವರದೇ. ಹಳ್ಳಿಗಳ ಮಟ್ಟಿಗೆ ಅದೇ ಹೆಚ್ಚಿನದು.

ಆ ಕೆಲಸದ ಕೇಂದ್ರ ಸಾತಳ್ಳಿ, ಕೆಲವೆಡೆ ಸತ್ತಿಹಳ್ಳಿ ಎಂದೂ ಬರೆಯಲಾದ ಹಾಸನದ ಸಮೀಪದ ಊರು. ದ್ಯುಬುವಾ ಇಲ್ಲಿ ಕ್ರೈಸ್ತ ಒಕ್ಕಲಿಗರ ಒಂದು ವಸಾಹತನ್ನು ನೆಲೆಗೊಳಿಸಿದರು. ಎಂದರೆ, ಅಲ್ಲಲ್ಲಿ ಒಂಟಿಯಾಗಿದ್ದ ಕುಟುಂಬಗಳನ್ನು ಕೂಡಿಸಿ, ಬೇಸಾಯಕ್ಕೆ ನೆಲ ಹಿಡಿಸಿ, ನಡುವೆ ಪ್ರಾರ್ಥನೆಯ ಮನೆಯಿರುವ ಊರಾಗಿ ಕಟ್ಟಿದರು. ಇದರ ಅಗತ್ಯ ಆ ಕಾಲದ ಸಮಾಜದ ರಚನೆಯಿಂದಲೇ ಬಂದದ್ದು. ಹಳ್ಳಿಯಲ್ಲಿ ಭೂಮಿ, ನೀರಿನ ಸರದಿ, ಬಿತ್ತನೆಯ ಮುಯ್ಯಾಳು, ಹೆಣ್ಣು ಕೊಟ್ಟು ತರುವ ಸಂಬಂಧ ಎಲ್ಲವೂ ಕುಲದ ಮೂಲಕ ನಡೆಯುತ್ತಿದ್ದುದರಿಂದ, ಕುಲದಿಂದ ಹೊರಬಿದ್ದವನಿಗೆ ದೇವರು ಬದಲಾಗುವುದರ ಜೊತೆಗೆ ನೇಗಿಲಿಗೆ ಜೊತೆಗಾರನೂ ಇಲ್ಲವಾಗುತ್ತಿದ್ದ. ಧರ್ಮೋಪದೇಶದಿಂದಷ್ಟೇ ಹಳ್ಳಿಯಲ್ಲಿ ಕ್ರೈಸ್ತ ಸಮುದಾಯ ಉಳಿಯಲಾರದು, ಅದಕ್ಕೆ ಹೊಲವೂ ನೆರೆಹೊರೆಯೂ ಬೇಕು ಎಂಬುದನ್ನು ದ್ಯುಬುವಾ ಅರಿತಿದ್ದರು. ವಿಚಿತ್ರವೆಂದರೆ, 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಲ್ಲಿ ಹಿಂದೂಗಳನ್ನು ಕ್ರೈಸ್ತರಾಗಿಸುವ ಯತ್ನವೆಲ್ಲ ನಿಷ್ಫಲವೆಂದು ಕಟುವಾಗಿ ಬರೆದ ಈ ಗುರುವಿನ ಕೈಯಿಂದಲೇ ಎರಡು ಶತಮಾನ ಬಾಳಿದ ಕ್ರೈಸ್ತ ಹಳ್ಳಿಗಳು ಹುಟ್ಟಿದವು.

ಉಪದೇಶದ ಜೊತೆಗೆ ಹಳ್ಳಿಗರ ಬದುಕಿನ ಅಗತ್ಯವನ್ನೂ ನೋಡುವ ಅದೇ ಮನೋಭಾವದ ಫಲ ಸಿಡುಬಿನ ಲಸಿಕೆಯ ಪ್ರಚಾರ. ಇಂಗ್ಲೆಂಡಿನ ವೈದ್ಯ ಜೆನ್ನರನ ಲಸಿಕೆ 1802ರ ಜೂನ್‌ನಲ್ಲಿ ಮುಂಬಯಿಗೆ ತಲುಪಿತು. ಮರುವರ್ಷದಿಂದಲೇ ದ್ಯುಬುವಾ ಮೈಸೂರು ಸೀಮೆಯಲ್ಲಿ ಅದನ್ನು ಹಾಕಿಸಲು ತೊಡಗಿ, 1803–04ರಲ್ಲಿ 25,432 ಜನರಿಗೆ ಲಸಿಕೆ ಹಾಕಿಸಿದ್ದು ದಾಖಲಾಗಿದೆ. ಸಿಡುಬನ್ನು ಅಮ್ಮ ಎಂದು ಕರೆದು, ಬೇವಿನ ಸೊಪ್ಪು ಕಟ್ಟಿ, ಹರಕೆ ಹೊತ್ತು ಕಾಯುತ್ತಿದ್ದ ಹಳ್ಳಿಗರು ಪರಧರ್ಮದ ಒಬ್ಬ ಗುರುವಿನ ಮಾತು ಕೇಳಿ ಮಕ್ಕಳ ತೋಳು ಚಾಚಿದರೆಂಬುದು ಅವರು ಗಳಿಸಿದ್ದ ವಿಶ್ವಾಸಕ್ಕೆ ಸಾಕ್ಷಿ.

ದ್ಯುಬುವಾ ಹೋದ ಮೇಲಿನ ಎರಡು ದಶಕಗಳನ್ನು ಬೇಗ ದಾಟಬಹುದು. ಹಳ್ಳಿಗಳಲ್ಲಿ ಚರ್ಚುಗಳು ಕಟ್ಟಡವಾಗಿ ತಲೆಯೆತ್ತಿದ್ದು ಎತಿಯೆನ್ ಲೂಯಿ ಶಾರ್ಬೊನೊ ಅವರ ಆಡಳಿತದಲ್ಲಿ. ಅವರು ಮೈಸೂರಿನ ಮೊದಲ ವಿಕಾರ್ ಅಪೊಸ್ತಲಿಕ್, ಎಂದರೆ ಇನ್ನೂ ಪೂರ್ಣ ಧರ್ಮಪ್ರಾಂತ್ಯವಾಗದ ಸೀಮೆಯನ್ನು ರೋಮಿನ ಪರವಾಗಿ ನೋಡಿಕೊಳ್ಳುವ ಧರ್ಮಾಧ್ಯಕ್ಷರು. 1873ರಲ್ಲಿ ತೀರಿಕೊಳ್ಳುವವರೆಗೆ ಬೆಂಗಳೂರಿನಲ್ಲಿದ್ದು ಕನ್ನಡದ ಮುದ್ರಣಾಲಯ ನಡೆಸಿದರು. 1855ರಲ್ಲಿ ಕನ್ನಡ–ಲ್ಯಾಟಿನ್, 1861ರಲ್ಲಿ ಲ್ಯಾಟಿನ್–ಕನ್ನಡ ನಿಘಂಟುಗಳು ಬೆಂಗಳೂರಿನಲ್ಲಿ ಅಚ್ಚಾದುವು. ಹಳ್ಳಿಗೆ ಬರುವ ಫ್ರೆಂಚ್ ಗುರು ಮೊದಲು ಒಕ್ಕಲಿಗನ ಮಾತನ್ನು ಕಲಿಯಬೇಕೆಂಬ ನಿಯಮಕ್ಕೆ ಈ ನಿಘಂಟುಗಳೇ ಆಸರೆ.

ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ಚರ್ಚು 1860ರ ದಶಕದಲ್ಲಿ, ಈ ಫ್ರೆಂಚ್ ಗುರುಗಳ ಕಾಲದಲ್ಲಿ ಎದ್ದದ್ದು. ಹಾಸನದಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, ಹೇಮಾವತಿಯ ದಂಡೆಯ ಗದ್ದೆಬಯಲಿನಲ್ಲಿ ನಿಂತ ಅದನ್ನು ಅಬ್ಬೆ ದ್ಯುಬುವಾ ಅವರೇ ಕಟ್ಟಿಸಿದರೆಂದು ಹೇಳುವವರಿದ್ದಾರೆ, ಇದು ಒಪ್ಪತಕ್ಕದ್ದಲ್ಲ. 1823ರಲ್ಲಿ ದೇಶ ಬಿಟ್ಟು 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡವರು 1860ರ ದಶಕದ ಕಟ್ಟಡಕ್ಕೆ ಕಲ್ಲಿಡಲಾರರು. ಆದರೆ ಈ ಹೇಳಿಕೆಯ ಒಳಗೆ ಸತ್ಯದ ಒಂದು ಎಳೆಯಿದೆ: ಈ ಸೀಮೆಯ ಕ್ರೈಸ್ತ ಒಕ್ಕಲುತನದ ಬೇರು ದ್ಯುಬುವಾ ಕಾಲದ್ದು, ಕಟ್ಟಡ ಅದಕ್ಕಿಂತ ಎರಡು ತಲೆಮಾರು ಕಿರಿಯದು. ಜನರ ನೆನಪು ಎರಡನ್ನೂ ಒಂದೇ ಹೆಸರಿನಲ್ಲಿ ಕೂಡಿಸಿಕೊಂಡಿದೆ, ಊರಿನ ಹುಟ್ಟನ್ನೂ ಚರ್ಚಿನ ಹುಟ್ಟನ್ನೂ ಬೇರ್ಪಡಿಸಿ ನೋಡುವುದು ಅದಕ್ಕೆ ಬೇಕಿರಲಿಲ್ಲ.

ಕಟ್ಟಡದ ಶೈಲಿ ಗೋಥಿಕ್. ಮಧ್ಯಯುಗದ ಫ್ರಾನ್ಸಿನಲ್ಲಿ ಬೆಳೆದ, ತುದಿ ಚೂಪಾದ ಕಮಾನುಗಳಿಂದ ಭಾರವನ್ನು ಕಂಬಗಳಿಗೆ ಇಳಿಸಿ ಗೋಡೆಯನ್ನು ಎತ್ತರಕ್ಕೆ ಒಯ್ಯುವ ಕಟ್ಟಡ ಪದ್ಧತಿ ಅದು. ಇಂದು ಗಿಲಾವು ಉದುರಿ ಒಳಗಿನ ಇಟ್ಟಿಗೆಯ ಸಾಲುಗಳು ತೆರೆದುಕೊಂಡಿರುವುದರಿಂದ ಆ ಕಾಲದ ಗಾರೆಯವರ ಕೈಕೆಲಸವನ್ನು ಎಲುಬು ಎಲುಬಾಗಿ ನೋಡಬಹುದು: ನಡುವಣ ಹಜಾರದ ಎರಡೂ ಬದಿಗೆ ಕಂಬಗಳು, ಕಂಬದಿಂದ ಕಂಬಕ್ಕೆ ಹಾರುವ ಕಮಾನು, ಕಮಾನಿನ ನೆತ್ತಿಯಲ್ಲಿ ಒಂದಕ್ಕೊಂದು ಒತ್ತಿ ನಿಂತ ಇಟ್ಟಿಗೆಗಳು, ಕೊನೆಯಲ್ಲಿ ಬಲಿಪೀಠವಿದ್ದ ಕಡೆ ಹಲವು ಮುಖಗಳಾಗಿ ಬಾಗಿದ ಹಿಂಗೋಡೆ. ಗಾರೆಗೆ ಬೆಲ್ಲದ ನೀರನ್ನೂ ಮೊಟ್ಟೆಯನ್ನೂ ಬೆರೆಸಿದ್ದರೆಂದು ಊರವರು ಹೇಳುತ್ತಾರೆ. ಸುಣ್ಣವನ್ನು ಹಾಗೆ ಹದಗೊಳಿಸುವುದು ಹಳೆಯ ಮೈಸೂರಿನ ಕಟ್ಟಡದವರಲ್ಲಿ ರೂಢಿಯಿದ್ದ ಕ್ರಮವೇ. ವಿನ್ಯಾಸ ಫ್ರಾನ್ಸಿನದಾದರೂ ಇಟ್ಟಿಗೆ, ಸುಣ್ಣ, ಕೂಲಿ, ಕೈಚಳಕಗಳೆಲ್ಲ ಇಲ್ಲಿನವು. ಹೊಯ್ಸಳರ ಬಳಪದ ಕಲ್ಲಿನ ಶಿಲ್ಪದಿಂದ ಹೆಸರಾದ ಜಿಲ್ಲೆಯಲ್ಲಿ, ಕೆತ್ತನೆಯಿಲ್ಲದೆ ಬರಿಯ ಎತ್ತರದಿಂದಲೂ ಬೆಳಕಿನಿಂದಲೂ ಭಕ್ತಿ ಹುಟ್ಟಿಸುವ ಈ ಕಟ್ಟಡ ಹಳ್ಳಿಗರ ಕಣ್ಣಿಗೆ ಹೊಸದೊಂದು ನೋಟವಾಗಿರಲೇಬೇಕು.

ಇಂಥ ಹಳ್ಳಿಗಳ ದಿನಚರಿಯನ್ನು ಅರಿಯಲು ಚರ್ಚಿನ ಗಂಟೆ, ಉಪದೇಶಿ ಮತ್ತು ದಫ್ತರ ಎಂಬ ಮೂರರಿಂದ ಹೊರಡುವುದು ಲೇಸು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ಬಾರಿಸುವ ಗಂಟೆ ತ್ರಿಕಾಲ ಪ್ರಾರ್ಥನೆಯ ಕರೆ. ಗಡಿಯಾರವಿಲ್ಲದ ಕಾಲದಲ್ಲಿ ಹೂಟಿ ಕಟ್ಟುವುದಕ್ಕೂ ಬಿಡುವುದಕ್ಕೂ ಅದೇ ಗುರುತಾಗುತ್ತಿತ್ತು. ಒಬ್ಬನೇ ಗುರು ಹತ್ತಾರು ಹಳ್ಳಿಗಳನ್ನು ಕುದುರೆಯ ಮೇಲೆ, ಗಾಡಿಯಲ್ಲಿ, ಎಷ್ಟೋ ಸಲ ನಡೆದು ಸುತ್ತಬೇಕಿದ್ದುದರಿಂದ, ಒಂದು ಹಳ್ಳಿಗೆ ಪೂಜೆಯ ಭಾಗ್ಯ ತಿಂಗಳಿಗೊಮ್ಮೆಯೋ ಅದಕ್ಕೂ ಅಪರೂಪಕ್ಕೋ ಸಿಗುತ್ತಿತ್ತು. ಪೂಜೆ ಎಂಬುದು ಇಲ್ಲಿ ಕ್ರಿಸ್ತನ ಕೊನೆಯ ಭೋಜನವನ್ನು ನೆನೆದು ಗುರು ಅರ್ಪಿಸುವ ಬಲಿಪೂಜೆ. ಉಳಿದ ಭಾನುವಾರಗಳಲ್ಲಿ ಊರನ್ನು ಹಿಡಿದು ನಿಲ್ಲಿಸಿದವನು ಉಪದೇಶಿ. ಓದುಬರಹ ಬಲ್ಲ ಊರಿನ ಒಕ್ಕಲಿನವನೇ ಆಗಿರುತ್ತಿದ್ದ ಇವನು ಜಪಗಳನ್ನು ಹೇಳಿಕೊಡುತ್ತಿದ್ದ, ಮಕ್ಕಳಿಗೆ ಜ್ಞಾನೋಪದೇಶವನ್ನು ಪ್ರಶ್ನೋತ್ತರವಾಗಿ ಬಾಯಿಪಾಠ ಮಾಡಿಸುತ್ತಿದ್ದ, ಸಾಯುವವರ ತಲೆದೆಸೆಯಲ್ಲಿ ಕುಳಿತು ಪ್ರಾರ್ಥಿಸುತ್ತಿದ್ದ, ಗುರು ಬಾರದೆ ಹೋದರೆ ಹಸುಳೆಗೆ ತುರ್ತಿನ ಜ್ಞಾನಸ್ನಾನವನ್ನೂ, ಎಂದರೆ ನೀರೆರೆದು ಸಭೆಗೆ ಸೇರಿಸುವ ದೀಕ್ಷೆಯನ್ನೂ, ಕೊಡುತ್ತಿದ್ದ. ಮಿಷನ್ನಿನ ಚರಿತ್ರೆಗಳು ಯುರೋಪಿನ ಗುರುಗಳ ಹೆಸರುಗಳಿಂದ ತುಂಬಿವೆ. ಹಳ್ಳಿಯ ಧರ್ಮವನ್ನು ಕನ್ನಡದಲ್ಲಿ ಉಳಿಸಿದ ಈ ಉಪದೇಶಿಗಳಿಗೆ ಅವುಗಳಲ್ಲಿ ಸಿಕ್ಕಿರುವ ಜಾಗ ಅವರ ಕೆಲಸಕ್ಕೆ ತಕ್ಕುದಲ್ಲ.

ದಫ್ತರ ಎಂದರೆ ವಿಚಾರಣೆಯ ಪುಸ್ತಕಗಳು. ಒಬ್ಬ ಗುರುವಿನ ನೋಟಕ್ಕೆ ಒಳಪಟ್ಟ ಹಳ್ಳಿಗಳ ಗುಂಪನ್ನು ಹಿಂದೆ ವಿಚಾರಣೆ ಎನ್ನುತ್ತಿದ್ದರು, ಈಗ ಧರ್ಮಕೇಂದ್ರ ಎನ್ನುವ ರೂಢಿ. 1563ರಲ್ಲಿ ಮುಗಿದ, ಕಥೋಲಿಕ ಧರ್ಮಾಧ್ಯಕ್ಷರ ಟ್ರೆಂಟ್ ಮಹಾಸಭೆಯ ಕಟ್ಟಳೆಯಂತೆ ಪ್ರತಿ ವಿಚಾರಣೆಯಲ್ಲಿಯೂ ಜ್ಞಾನಸ್ನಾನ ಮತ್ತು ಮದುವೆಗಳನ್ನು, ಕ್ರಮೇಣ ಮರಣಗಳನ್ನೂ, ಬರೆದಿಡುವುದು ಕಡ್ಡಾಯವಾಯಿತು. ಮಗುವಿನ ಹೆಸರು, ತಂದೆ ತಾಯಿ, ಜ್ಞಾನತಂದೆ ಜ್ಞಾನತಾಯಿ, ಊರು, ತಾರೀಖು, ಗುರುವಿನ ಸಹಿ, ಇವಿಷ್ಟೂ ಲ್ಯಾಟಿನ್ನಿನ ಸಿದ್ಧ ವಾಕ್ಯದೊಳಗೆ ಕೂರುತ್ತಿದ್ದವು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಸಾಮಾನ್ಯ ರೈತನ ಹೆಂಡತಿಯ ಹೆಸರನ್ನೋ ಮಗಳ ಹೆಸರನ್ನೋ ಅಷ್ಟು ಹಿಂದೆ ಬರೆದಿಟ್ಟ ಕಡತಗಳು ಅಪರೂಪ. ಸರ್ಕಾರದ ಲೆಕ್ಕ ಕಂದಾಯ ಕಟ್ಟುವವನನ್ನು ಹುಡುಕುತ್ತಿತ್ತು. ವಿಚಾರಣೆಯ ಪುಸ್ತಕದಲ್ಲಿ ಮೂರು ದಿನ ಬದುಕಿದ ಕೂಸಿಗೂ ಒಂದು ಸಾಲು ಇರುತ್ತಿತ್ತು.

ಈ ಸಮುದಾಯಗಳ ಹೆಸರುಗಳೇ ಅವುಗಳ ಚರಿತ್ರೆಯ ದಾರಿ ತೋರಿಸುತ್ತವೆ. ಪೌಲನ ಹೆಸರು ಹೊತ್ತ ಚಿನ್ನಪ್ಪ, ಪೇತ್ರನ ರಾಯಪ್ಪ, ಯೊವಾನ್ನನ ಅರುಳಪ್ಪ, ಕ್ಸೇವಿಯರನ ಚೌರಪ್ಪ, ಇಗ್ನೇಷಿಯಸ್ಸನ ಇನ್ನಾಸಪ್ಪ, ಜೊತೆಗೆ ಮರಿಯಪ್ಪ, ಅಂತೋಣಪ್ಪ: ತಮಿಳು ಸೀಮೆಯ ಧರ್ಮಕೇಂದ್ರಗಳಿಂದ ಜೆಸುಯಿಟರ ಮತ್ತು ಪಾಂಡಿಚೇರಿಯ ಗುರುಗಳ ಹಿಂದೆ ಬಂದು, ಕನ್ನಡದ ಅಪ್ಪ ಅಮ್ಮಗಳೊಡನೆ ಬೆರೆತ ಹೆಸರುಗಳಿವು. ಆಚಾರದಲ್ಲಿಯೂ ಅದೇ ಬೆರಕೆ. ಭಾರತದ ರೂಢಿಗಳಲ್ಲಿ ಯಾವುವನ್ನು ಕ್ರೈಸ್ತರು ಉಳಿಸಿಕೊಳ್ಳಬಹುದು ಎಂಬ ದೀರ್ಘ ವಾಗ್ವಾದಕ್ಕೆ ಮಲಬಾರ್ ಆಚಾರಗಳ ವಿವಾದವೆಂದು ಹೆಸರು. 1744ರಲ್ಲಿ ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರ ಆಜ್ಞೆ ಅದನ್ನು ಮುಗಿಸಿ ಅನೇಕ ರೂಢಿಗಳನ್ನು ನಿಷೇಧಿಸಿತು. ಹಳ್ಳಿಗಳಲ್ಲಿ ಮಾತ್ರ ಶಿಲುಬೆಯ ಗುರುತಿರುವ ತಾಳಿ ಕೊರಳಲ್ಲಿ ಉಳಿಯಿತು, ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಹೋಗುವುದು ಉಳಿಯಿತು, ಗಂಡಸರು ಒಂದು ಕಡೆ ಹೆಂಗಸರು ಒಂದು ಕಡೆ ನೆಲದ ಮೇಲೆ ಕೂರುವುದು ಉಳಿಯಿತು. ಉಳಿಯಬಾರದಿದ್ದ ಜಾತಿಯ ಎಣಿಕೆಯೂ ಉಳಿಯಿತೆಂಬುದನ್ನು ಮುಚ್ಚಿಡಲಾಗದು. ಹೆಣ್ಣು ತರುವಾಗ ಹಳೆಯ ಕುಲದ ನೆನಪು ಜ್ಞಾನಸ್ನಾನದ ನೀರಿನಿಂದ ತೊಳೆದುಹೋಗಲಿಲ್ಲ, ದ್ಯುಬುವಾ ಅವರಂಥ ಗುರುಗಳು ಅದನ್ನು ಲೌಕಿಕ ವ್ಯವಸ್ಥೆಯೆಂದು ಒಪ್ಪಿಕೊಂಡು ಸುಮ್ಮನಾದರು.

ಹಬ್ಬಗಳು ಬೇಸಾಯದ ವರ್ಷದೊಳಗೆ ಹೊಂದಿಕೊಂಡವು. ಕಟಾವು ಕಳೆದು ಹೊಲ ಖಾಲಿಯಾದ ಕಾಲಕ್ಕೆ ಬೂದಿ ಬುಧವಾರದಿಂದ 40 ದಿನಗಳ ತಪಸ್ಸಿನ ಕಾಲ. ಆಗ ಶುಕ್ರವಾರಗಳಲ್ಲಿ ಶಿಲುಬೆಯ ಹಾದಿ, ಎಂದರೆ ಯೇಸುವಿನ ಕೊನೆಯ ದಿನದ 14 ಘಟ್ಟಗಳ ಮುಂದೆ ಮೊಣಕಾಲೂರಿ ಸಾಗುವ ಪ್ರಾರ್ಥನೆ. ಗರಿಗಳ ಭಾನುವಾರ, ಶುಭ ಶುಕ್ರವಾರ, ಯೇಸುವಿನ ಪುನರುತ್ಥಾನದ ಪಾಸ್ಕ ಮುಗಿಯುವ ಹೊತ್ತಿಗೆ ಮುಂಗಾರಿಗೆ ಮುಂಚಿನ ಮಳೆ ಕಾಣಿಸಿಕೊಳ್ಳುತ್ತದೆ. 1571ರ ಲೆಪಾಂಟೊ ಕಡಲಯುದ್ಧದ ನೆನಪಿನಲ್ಲಿ ಆರಂಭವಾದ ಜಪಮಾಲೆ ಮಾತೆಯ ಹಬ್ಬ ಅಕ್ಟೋಬರ್ 7ರಂದು, ರಾಗಿಯ ತೆನೆ ಬಲಿಯುವ ಕಾಲದಲ್ಲಿ ಬರುತ್ತದೆ. ಮೆಡಿಟರೇನಿಯನ್ ಸಮುದ್ರದ ಯುದ್ಧವೊಂದು ಹಾಸನದ ಒಕ್ಕಲಿಗನಿಗೆ ಏನೂ ಆಗಿರಲಿಲ್ಲ. ಮಣಿ ಎಣಿಸುತ್ತ ತಾಯಿಯ ಹೆಸರು ಹೇಳುವ ಜಪಸರ ಮಾತ್ರ ಅವನಿಗೆ ಹುಟ್ಟಿನಿಂದ ಪರಿಚಿತವಾದ ಭಕ್ತಿಯ ರೂಪ. ಊರಿನ ಪಾಲಕ ಸಂತರ ಹಬ್ಬಕ್ಕೆ ಹೂವಿನಿಂದ ಸಿಂಗರಿಸಿದ ತೇರಿನಲ್ಲಿ ಪ್ರತಿಮೆಯನ್ನಿಟ್ಟು, ವಾದ್ಯದೊಡನೆ, ದೀಪ ಹಿಡಿದು ಬೀದಿ ಸುತ್ತಿಸುವ ಕ್ರಮ ಹಳೆಯ ಮೈಸೂರಿನ ಕಥೋಲಿಕ ಹಳ್ಳಿಗಳಲ್ಲೆಲ್ಲ ಇದೆ, ಅಂಥ ತೇರಿಗೆ ಅನ್ಯಧರ್ಮದ ನೆರೆಯವರು ಹರಕೆ ಹೊತ್ತು ಬರುವುದೂ ಉಂಟು. ನವೆಂಬರ್ 2ರ ಸಕಲ ಆತ್ಮರ ದಿನ ಸಮಾಧಿಗಳ ಕಳೆ ಕಿತ್ತು, ಸುಣ್ಣ ಬಳಿದು, ಮೇಣದ ಬತ್ತಿ ಹಚ್ಚಿ, ಗುರುವಿನಿಂದ ಮಂತ್ರಿಸಿದ ನೀರು ಚಿಮುಕಿಸಿಕೊಳ್ಳುತ್ತಾರೆ; ದೂರದ ಊರುಗಳಿಗೆ ದುಡಿಯಲು ಹೋದವರು ಬೇರೆ ಯಾವ ಹಬ್ಬಕ್ಕೆ ತಪ್ಪಿದರೂ ಇದಕ್ಕೆ ತಪ್ಪುವುದು ಕಡಿಮೆ.

ಪ್ರಾಟೆಸ್ಟೆಂಟ್ ಸಭೆಗಳ ಪಾತ್ರ ಈ ಜಿಲ್ಲೆಯಲ್ಲಿ ಬೇರೆ ಬಗೆಯದು. ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟರು ಶಾಲೆ, ಅಚ್ಚುಕೂಟ, ಆಸ್ಪತ್ರೆಗಳ ಮೂಲಕ ಪಟ್ಟಣಗಳಲ್ಲಿ ಕೆಲಸ ಮಾಡಿದರು. 1876–78ರ ಧಾತು ಈಶ್ವರ ಬರಗಾಲದಲ್ಲಿ ಮೈಸೂರು ಸಂಸ್ಥಾನ ತನ್ನ ಜನಸಂಖ್ಯೆಯ ಸುಮಾರು ಐದನೆಯ ಒಂದು ಪಾಲನ್ನು ಕಳೆದುಕೊಂಡಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ಕ್ಕೆ 42 ಲಕ್ಷದಷ್ಟಕ್ಕೆ ಇಳಿದರು. ತಂದೆತಾಯಿ ಸತ್ತು ಬೀದಿಗೆ ಬಿದ್ದ ಮಕ್ಕಳಿಗಾಗಿ ವೆಸ್ಲಿಯನ್ನರು ಹಾಸನದಲ್ಲಿಯೂ ತುಮಕೂರಿನಲ್ಲಿಯೂ ಅನಾಥಾಲಯಗಳನ್ನು ತೆರೆದರು, ಮುಂದೆ ಹಾಸನದಲ್ಲಿ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ಹೆಣ್ಣುಮಕ್ಕಳ ಹೆರಿಗೆ ಮತ್ತು ಆರೈಕೆಗೆ ಹೆಸರಾಯಿತು. 1947ರ ಸೆಪ್ಟೆಂಬರ್‌ನಲ್ಲಿ ಈ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು. ಆದರೆ ಇಡೀ ಊರೇ ಕ್ರೈಸ್ತವಾದ ಒಕ್ಕಲು ಹಳ್ಳಿಗಳ ಗುಂಪು ಬೆಳೆದದ್ದು ಸಾತಳ್ಳಿ, ಶೆಟ್ಟಿಹಳ್ಳಿಗಳ ಕಡೆ.

ಇಪ್ಪತ್ತನೆಯ ಶತಮಾನದ ನಡುವಿಗೆ ಎರಡು ಬದಲಾವಣೆಗಳು ಬೆನ್ನುಬೆನ್ನಿಗೆ ಬಂದವು. 1963ರ ನವೆಂಬರ್ 16ರಂದು ಮೈಸೂರು ಧರ್ಮಪ್ರಾಂತ್ಯದಿಂದ ಬೇರ್ಪಡಿಸಿ ಚಿಕ್ಕಮಗಳೂರು ಧರ್ಮಪ್ರಾಂತ್ಯವನ್ನು ರಚಿಸಿ, ಹಾಸನ ಜಿಲ್ಲೆಯನ್ನು ಅದಕ್ಕೆ ಸೇರಿಸಲಾಯಿತು; ಅಲ್ಫೋನ್ಸಸ್ ಮಥಾಯಸ್ ಅದರ ಮೊದಲ ಧರ್ಮಾಧ್ಯಕ್ಷರಾದರು. ಅದೇ ವರ್ಷದ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಪೂಜೆಯಲ್ಲಿ ಆಯಾ ನಾಡಿನ ಭಾಷೆಗೆ ದಾರಿ ತೆರೆಯಿತು. ಅದುವರೆಗೆ ಬೆನ್ನು ತಿರುಗಿಸಿ ನಿಂತು ಲ್ಯಾಟಿನ್ನಿನಲ್ಲಿ ಮೆಲ್ಲಗೆ ಪಠಿಸುತ್ತಿದ್ದ ಗುರುವಿನ ಹಿಂದೆ ತಮ್ಮ ಪಾಡಿಗೆ ಕನ್ನಡದ ಜಪ ಹೇಳುತ್ತಿದ್ದ ಜನ, ಈಗ ತಮ್ಮತ್ತ ಮುಖ ಮಾಡಿ ತಮ್ಮದೇ ಮಾತಿನಲ್ಲಿ ಪ್ರಾರ್ಥಿಸುವ ಗುರುವನ್ನು ಕಂಡರು. ಶೆಟ್ಟಿಹಳ್ಳಿಯ ಕಮಾನುಗಳ ಕೆಳಗೆ ಕನ್ನಡದ ಪೂಜೆ ನಡೆಯಲು ಉಳಿದಿದ್ದ ಕಾಲ ಮಾತ್ರ ಬಹಳ ಕಡಿಮೆ.

ಗೊರೂರಿನ ಬಳಿ ಹೇಮಾವತಿಗೆ ಅಡ್ಡಲಾಗಿ ಅಣೆಕಟ್ಟಿನ ಕೆಲಸ 1968ರಲ್ಲಿ ಆರಂಭವಾಗಿ 1979ರಲ್ಲಿ ಮುಗಿಯಿತು. 4,692 ಮೀಟರು ಉದ್ದದ ಈ ಕಟ್ಟೆ ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುತ್ತದೆ, ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಅಣೆಕಟ್ಟಿನ ಮೇಲ್ಗಡೆಯ ಹಳ್ಳಿಗಳು ಮುಳುಗಡೆಯಾದವು, ನಾಲೆಗಳು ಕೆಳಗಡೆಯ ಬಯಲಿಗೆ ನೀರು ಒಯ್ದವು. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆ ಸುರಂಗವನ್ನು ದಾಟಿ ಎಡದಂಡೆಯ ನೀರು ತುಮಕೂರು ಜಿಲ್ಲೆಯವರೆಗೆ ಹೋಗುತ್ತದೆ; ಮಂಡ್ಯ ಜಿಲ್ಲೆಗೂ ಪಾಲಿದೆ. ರಾಗಿ ಹುರುಳಿಗಳ ಬಯಲು ನೀರು ಕಂಡದ್ದು ಸಣ್ಣ ಸಂಗತಿಯಲ್ಲ, ಅದರ ಉಪಕಾರವನ್ನು ಕಡಿಮೆಯಾಗಿ ಎಣಿಸುವುದು ಅನ್ಯಾಯ. ಆದರೆ ಅದರ ಬೆಲೆಯನ್ನು ತೆತ್ತವರು ಮೇಲ್ಗಡೆಯ ದಂಡೆಯ ಹಳ್ಳಿಗಳವರು, ಹಿಂದೂಗಳೂ ಕ್ರೈಸ್ತರೂ ಒಂದೇ ರೀತಿ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಬರಹಗಳಿಂದ ಕನ್ನಡಿಗರೆಲ್ಲರಿಗೂ ಪರಿಚಿತವಾದ ಹೊಳೆಯ ದಂಡೆಯ ಬದುಕಿನ ಒಂದು ದೊಡ್ಡ ತುಂಡು ಹೀಗೆ ನೀರಿನಡಿಗೆ ಹೋಯಿತು.

ಶೆಟ್ಟಿಹಳ್ಳಿಯ ಕ್ರೈಸ್ತ ಕುಟುಂಬಗಳು ಎತ್ತರದ ನೆಲದಲ್ಲಿ ಹೊಸದಾಗಿ ಎದ್ದ ಜೋಸೆಫ್ ನಗರ, ಮರಿಯಾ ನಗರ ಮೊದಲಾದ ಪುನರ್ವಸತಿ ಊರುಗಳಿಗೆ ಸರಿದವು. ಹಳೆಯ ಊರಿನ ಹೆಸರು ಬಿಟ್ಟು ಸಂತರ ಹೆಸರು ಹೊತ್ತ ಈ ಬಡಾವಣೆಗಳಲ್ಲಿ ಸಮುದಾಯ ಚದುರದೆ ಉಳಿಯಿತೆಂಬುದೇ ಈ ಚರಿತ್ರೆಯ ಮುಖ್ಯ ಸಂಗತಿ. ಭೂಮಿ ಕಳೆದುಕೊಂಡು, ಮನೆ ಕಳೆದುಕೊಂಡು, ಕಟ್ಟಡ ಬಿಟ್ಟು ಬಂದರೂ ಪೂಜೆ, ಉಪದೇಶ, ಹಬ್ಬ, ಜ್ಞಾನಸ್ನಾನದ ಸಾಲುಗಳು ಹೊಸ ಜಾಗದಲ್ಲಿ ಮುಂದುವರಿದವು. ದ್ಯುಬುವಾ ಕಾಲದಲ್ಲಿ ನೆಲ ಹಿಡಿಸಿ ಊರು ಕಟ್ಟಿದ ಕ್ರಮವೇ 1970ರ ದಶಕದಲ್ಲಿ ಇನ್ನೊಮ್ಮೆ, ಬಲವಂತದಿಂದ, ನಡೆಯಿತು.

ಇಂಥದೇ ಇನ್ನೊಂದು ಪ್ರಕರಣ ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿದೆ. ಅಲ್ಲಿನ ಹಳ್ಳಿಗಳಲ್ಲಿ ಚಾಪೆಲ್ ಎಂದರೆ ಸರ್ಕಾರಿ ಆಂಗ್ಲಿಕನ್ ಸಭೆಗೆ ಸೇರದ ಭಕ್ತರು ತಮ್ಮದೇ ದುಡ್ಡಿನಿಂದ ಕಟ್ಟಿಕೊಂಡ ಸರಳವಾದ ಪ್ರಾರ್ಥನಾ ಮಂದಿರ. ವೆಲ್ಷ್ ಭಾಷೆಯ ಓದು, ಸಾಮೂಹಿಕ ಗಾಯನ, ಊರಿನ ಸಭೆಗಳೆಲ್ಲ ಅದರ ಸುತ್ತ ನಡೆಯುತ್ತಿದ್ದವು. ಲಿವರ್‌ಪೂಲ್ ನಗರಕ್ಕೆ ನೀರೊದಗಿಸುವ ಮಸೂದೆ ವೇಲ್ಸಿನ ಬಹುಪಾಲು ಸಂಸದರ ವಿರೋಧದ ನಡುವೆಯೂ 1957ರಲ್ಲಿ ಅಂಗೀಕಾರವಾಗಿ, ಟ್ರವೆರಿನ್ ಕಣಿವೆಯ ಕಾಪೆಲ್ ಕೆಲಿನ್ ಎಂಬ ವೆಲ್ಷ್ ಮಾತಿನ ಹಳ್ಳಿ ಶಾಲೆ, ಅಂಚೆ ಕಚೇರಿ, ಚಾಪೆಲ್, ಸಮಾಧಿಗಳ ಸಮೇತ 1965ರಲ್ಲಿ ಮುಳುಗಿತು. 1963ರಲ್ಲಿ ಅಲ್ಲಿ ಕೊನೆಯ ಆರಾಧನೆ ನಡೆಯಿತು. ಹಳೆಯ ಚಾಪೆಲ್ಲಿನ ಕಲ್ಲುಗಳಿಂದ ದಡದಲ್ಲಿ ಸ್ಮಾರಕ ಮಂದಿರವನ್ನು ಕಟ್ಟಿದರು. 2005ರಲ್ಲಿ ಲಿವರ್‌ಪೂಲ್ ನಗರಸಭೆ ಕ್ಷಮೆ ಕೇಳಿತು. ಟ್ರವೆರಿನ್ನನ್ನು ಮರೆಯಬೇಡಿ ಎಂಬ ಗೋಡೆಬರಹ ವೇಲ್ಸಿನ ರಾಜಕೀಯದ ಹೆಸರಾಂತ ಘೋಷಣೆಯಾಯಿತು. ಆ ಮುಳುಗಡೆಗೆ ಭಾಷೆಯ, ರಾಷ್ಟ್ರೀಯತೆಯ ಅರ್ಥ ಬಂದದ್ದರಿಂದ ಅಲ್ಲಿನ ನಿವಾಸಿಗಳ ಮಾತನ್ನು ಜನ ಬರೆದಿಟ್ಟರು. ಹೇಮಾವತಿಯ ಮುಳುಗಡೆಗೆ ಅಂಥ ಅರ್ಥ ಯಾರೂ ಕೊಡಲಿಲ್ಲ. ನೀರು ಕೇಳಿದವರೂ ಊರು ಬಿಟ್ಟವರೂ ಒಂದೇ ನಾಡಿನವರು, ಒಂದೇ ಮಾತಿನವರು. ಆದ್ದರಿಂದ ಇಲ್ಲಿ ನೆನಪು ಜನರಿಂದ ಜಾರಿ ಗೋಡೆಗಳ ಮೇಲೆ ನಿಂತಿತು.

ಆ ಗೋಡೆಗಳೂ ಬಹುಕಾಲ ನಿಲ್ಲುವ ಸ್ಥಿತಿಯಲ್ಲಿಲ್ಲ. ಮುಂಗಾರಿನಲ್ಲಿ ಹಿನ್ನೀರು ಕಂಬಗಳ ಅರ್ಧಕ್ಕೂ ಮೇಲೆ ಏರಿ, ಚಳಿಗಾಲ ಕಳೆಯುತ್ತ ಇಳಿಯುತ್ತದೆ. ನೆನೆದ ಸುಣ್ಣದ ಗಾರೆ ಬಿಸಿಲಿಗೆ ಬಿರಿದು, ಮರುವರ್ಷ ಇನ್ನಷ್ಟು ಕರಗುತ್ತದೆ. ಮೇಲ್ಛಾವಣಿ ಹೋಗಿರುವುದರಿಂದ ಕಮಾನುಗಳನ್ನು ಒತ್ತಿ ಹಿಡಿಯುವ ಭಾರವೂ ಇಲ್ಲ, ಮಳೆಗೆ ತಡೆಯೂ ಇಲ್ಲ. ಕಟ್ಟಡವನ್ನು ಉಳಿಸಬೇಕೆಂಬ ಕೂಗು ನ್ಯಾಯವಾದದ್ದೇ, ಅದನ್ನು ಕೈಗೊಳ್ಳುವವರು ಬೇಗ ಕೈಗೊಳ್ಳಬೇಕು. ಆದರೆ ಇಟ್ಟಿಗೆಗಿಂತ ಬೇಗ ಕರಗುವ ಆಧಾರಗಳು ಬೇರೆ ಇವೆ: ಲ್ಯಾಟಿನ್ನಿನಲ್ಲಿ ಬರೆದ ಹಳೆಯ ವಿಚಾರಣೆ ಪುಸ್ತಕಗಳು, ಭೂಸ್ವಾಧೀನದ ಕಡತಗಳು, ಮುಳುಗಡೆಯ ಕಾಲಕ್ಕೆ ಮದುವೆಯಾಗಿ ಮಕ್ಕಳಿದ್ದವರ ನೆನಪುಗಳು. ಪುಸ್ತಕದ ಹೆಸರುಗಳನ್ನು ಕಡತದ ಸರ್ವೆ ನಂಬರುಗಳಿಗೆ ಹೊಂದಿಸಿ, ಯಾವ ಮನೆ ಎಲ್ಲಿತ್ತು, ತೇರು ಯಾವ ಬೀದಿಯಲ್ಲಿ ಹಾಯುತ್ತಿತ್ತು, ಉಪದೇಶಿಯಾಗಿದ್ದವರು ಯಾರು ಎಂಬುದನ್ನು ಹೇಳಬಲ್ಲ ಜನ ಈಗ 70 ದಾಟಿದ್ದಾರೆ, ಅವರಲ್ಲಿ ಹಲವರು ಹಿನ್ನೀರಿನ ಸುತ್ತಲಿನ ಈ ಹೊಸ ಊರುಗಳಲ್ಲಿಯೇ ಇದ್ದಾರೆ.